ಗುಂಡಿಗೆ ಎಡೆ

ಕಚೇರಿ ಗೋಡೆಯ ಪರದೆ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಮನೆಯ ಹಿತ್ತಿಲಿನ ಶೌಚಗುಂಡಿ. ಒಟ್ಟು ಹನ್ನೊಂದು ಸಾವಿರದ ಆರುನೂರ ನಲವತ್ತು. ಮಹಾಲಯ ಅಮಾವಾಸ್ಯೆಗೆ ಇನ್ನು ಆರು ದಿನವಿದ್ದ ಆ ಗುರುವಾರ ಬೆಳಿಗ್ಗೆ ಅವುಗಳಲ್ಲಿ ಕೆಂಪಾಗಿದ್ದವು ಬರೀ ಒಂಬತ್ತು. ನಾನು ಎರಡು ಸಲ ಎಣಿಸಿದೆ.

ಎಣಿಸಲು ಕಾರಣವಿತ್ತು. ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ ಮುಂಚೆ ನಮ್ಮ ಪಟ್ಟಣದ ಹೆಂಗಸರು ಮನೆಯನ್ನು ಬುಡಮೇಲು ಮಾಡಿ ತೊಳೆಯುತ್ತಾರೆ. ಬಚ್ಚಲಿಗೆ ಆಸಿಡ್, ಕಕ್ಕಸಿಗೆ ಫಿನಾಯಿಲ್, ಮೇಲೆ ಬ್ಲೀಚಿಂಗ್ ಪುಡಿ. ಎಲ್ಲವೂ ಕೊನೆಗೆ ಇಳಿಯುವುದು ಗುಂಡಿಗೆ. ಹಿಂದಿನ ಮೂರು ವರ್ಷವೂ ಈ ವಾರದಲ್ಲಿ ನನ್ನ ಗೋಡೆಯ ಮೇಲೆ ಆರೇಳುನೂರು ಕೆಂಪು ಚುಕ್ಕೆಗಳಿದ್ದವು.

"ಜನ ಕಲಿತುಕೊಂಡ್ರು ಬಿಡಿ," ಎಂದರು ನಮ್ಮ ಕೊಠಡಿಯ ಮೇಲ್ವಿಚಾರಕ ಚೆಲುವರಾಜು. "ಕೆಟ್ಟದ್ದಾದ್ರೂ ಹೆದರ್ತೀರಿ, ಒಳ್ಳೇದಾದ್ರೂ ಹೆದರ್ತೀರಿ. ನಿಮಗೆ ಏನು ಕೊಟ್ರೆ ಸಮಾಧಾನ ವಾರಿಜಾ?"

ನಾನು ನಕ್ಕೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬೀದಿಯ ತುದಿಯಿಂದ ಹಿಂತಿರುಗಿ ಹೋಗಿ ನೋಡುವ ಹೆಂಗಸು ನಾನು. ನನ್ನ ಹೆದರಿಕೆಯನ್ನು ಸಾಕ್ಷಿಯಾಗಿ ಯಾರೂ ಒಪ್ಪುವುದಿಲ್ಲ.

ನಮ್ಮದು ನಾಲೆಯ ಬಯಲಿನ ಪಟ್ಟಣ. ಎರಡಾಳುದ್ದ ಅಗೆದರೆ ನೀರು. ಗುಂಡಿ ಸೋರಿದರೆ ಆ ಸೋರಿಕೆ ಪಕ್ಕದ ಮನೆಯ ಬೋರಿಗೆ ಸೇರುತ್ತದೆ. ಹಾಗೆ ಸೇರಿ ಸೇರಿಯೇ ಏಳು ವರ್ಷದ ಹಿಂದೆ ಊರಿಗೆ ಊರೇ ಕಾಮಾಲೆ ಹಿಡಿದು ಮಲಗಿತು. ಆ ಕಾಮಾಲೆ ಬಸುರಿಯರನ್ನು ಹುಡುಕಿ ಹಿಡಿಯುವಂಥದ್ದು. ನನಗಾಗ ಏಳು ತಿಂಗಳು. ನಾನು ಉಳಿದೆ, ಮಗು ಉಳಿಯಲಿಲ್ಲ. ಮುಂದಿನ ವರ್ಷ ಕಾನೂನು ಬಂತು: ಪ್ರತಿ ಗುಂಡಿಗೂ ಒಂದು ಜೀವಕೋಲು. ಅದನ್ನು ಕಾಯುವ ಕೆಲಸಕ್ಕೆ ರಸಾಯನಶಾಸ್ತ್ರ ಓದಿದವರು ಬೇಕು ಎಂದಾಗ ಮೊದಲ ದಿನವೇ ಅರ್ಜಿ ಹಾಕಿದೆ.

ಜೀವಕೋಲು ಎಂದರೆ ಆಳುದ್ದದ ಒಂದು ಕಡ್ಡಿ. ಅದರ ಮೈಗೆ ಸೂಕ್ಷ್ಮಜೀವಿಗಳ ತೆಳುವಾದ ಪೊರೆ. ಅವು ಹೊಲಸನ್ನು ತಿನ್ನುತ್ತ ಕೊಂಚ ವಿದ್ಯುತ್ತು ಹುಟ್ಟಿಸುತ್ತವೆ. ಹೆಚ್ಚು ತಿಂದರೆ ಹೆಚ್ಚು ವಿದ್ಯುತ್ತು. ಐದು ದಿನದ ಸರಾಸರಿಯೇ ಆ ಗುಂಡಿಯ ಜೀವಾಂಕ. ಅಂಕ ಅರವತ್ತು ದಾಟಿದರೆ ಹಸಿರು, ನಲವತ್ತಕ್ಕಿಂತ ಕೆಳಗಿಳಿದರೆ ಕೆಂಪು, ನಡುವೆ ಹಳದಿ. ಕೆಂಪಾದರೆ ಕಕ್ಕಸಿನ ಕೊಳವೆಯ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಸರಿಹೋಗುವವರೆಗೆ ಮನೆಮಂದಿಯೆಲ್ಲ ಚೊಂಬು ಹಿಡಿದು ಬೀದಿ ಕೊನೆಯ ಸಾರ್ವಜನಿಕ ಶೌಚಾಲಯಕ್ಕೆ ಹೋಗಬೇಕು.

ಅದೇ ಹಸಿರಿಗೆ ಇನ್ನೊಂದು ಕೆಲಸವನ್ನೂ ವಹಿಸಿದ್ದರು. ವರ್ಷಕ್ಕೊಮ್ಮೆ ಪೌರಕಾರ್ಮಿಕರು ಮುಚ್ಚಳ ತೆರೆದು, ಮಂಡಿಯೂರಿ, ಕೋಲನ್ನು ಮೇಲೆಳೆದು ಪೊರೆ ಬದಲಿಸಬೇಕು. ಚುಕ್ಕೆ ಹಸಿರಾಗಿದ್ದರಷ್ಟೇ ಮುಚ್ಚಳದ ಬೀಗ ಬಿಡುತ್ತದೆ. ಆರೋಗ್ಯವಾಗಿರುವ ಗುಂಡಿಯ ಜೀವಿಗಳು ವಿಷದ ಗಾಳಿಯನ್ನೂ ತಿಂದುಹಾಕುತ್ತವೆ ಎಂಬುದು ಅದನ್ನು ಕಟ್ಟಿದವರ ಲೆಕ್ಕ. ಹಾಗಾಗಿ ಕಾರ್ಮಿಕರು ಮೊದಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಗಾಳಿಮಾಪಕಗಳನ್ನು ವಾಪಸು ಪಡೆದು ಬೀರುವಿಗೆ ಹಾಕಿದ್ದರು. ಗುಂಡಿ ಚೆನ್ನಾಗಿದೆಯೇ ಎಂಬುದು ಒಂದು ಪ್ರಶ್ನೆ. ಅದರ ಬಾಯಿಯ ಬಳಿ ಮನುಷ್ಯ ಮುಖ ಇಡಬಹುದೇ ಎಂಬುದು ಇನ್ನೊಂದು. ಎರಡಕ್ಕೂ ಒಂದೇ ಬಣ್ಣದ ಉತ್ತರ.

ಅಂದು ಸಂಜೆ ಮನೆಗೆ ಹೋದಾಗ ಹಿತ್ತಿಲಿನವರೆಗೂ ಫಿನಾಯಿಲ್ ವಾಸನೆ. ಅತ್ತೆ ಪುಟ್ಟಚೆನ್ನಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬಚ್ಚಲು ಉಜ್ಜುತ್ತಿದ್ದರು.

"ಅತ್ತೆ, ಆಸಿಡ್ ಹಾಕಬೇಡಿ ಅಂದಿದ್ದೆನಲ್ಲ. ಬೆಳಿಗ್ಗೆ ನಮ್ಮದು ಹಳದಿಗೆ ಬಂದಿತ್ತು."

"ಹಿರೀಕ್ರು ಬರೋ ಮನೆ ಕನಮ್ಮಿ ಇದು. ಪಾಚಿ ಬಿಟ್ಕಂಡು ಕೂತ್ಕಳ್ಳಾ? ನಿನ್ ಕೋಲಿಗೆ ಏನೂ ಆಗಕಿಲ್ಲ, ಬುಡು."

ಅವರ ದನಿಯಲ್ಲಿದ್ದ ಧೈರ್ಯ ನನಗೆ ವಿಚಿತ್ರವೆನಿಸಿತು. ಉಗ್ರಾಣಕ್ಕೆ ಅಕ್ಕಿ ತರಲು ಹೋದಾಗ ಬೆಲ್ಲದ ಡಬ್ಬಿ ಕಣ್ಣಿಗೆ ಬಿತ್ತು. ಕಜ್ಜಾಯಕ್ಕೆಂದು ತಂದಿಟ್ಟಿದ್ದ ಹನ್ನೆರಡು ಅಚ್ಚುಗಳಲ್ಲಿ ಎಂಟೇ ಇದ್ದವು.

"ಬೆಲ್ಲ ಏನಾಯ್ತು ಅತ್ತೆ?"

"ಇಲಿ ತಿಂತೇನೋ."

ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ನಾನು ಮತ್ತೆ ಕೇಳಲಿಲ್ಲ. ನಮ್ಮ ಮನೆ ಕೆಂಪಾದರೆ ಬುಧವಾರದ ಎಡೆಗೆ ನಾದಿನಿಯರು, ಮಾವನ ಅಣ್ಣತಮ್ಮಂದಿರು ಯಾರೂ ಬರುವಂತಿಲ್ಲ. ಆ ದಿನ ಅತ್ತೆ ದೊಡ್ಡ ಎಲೆಗಳ ಪಕ್ಕದಲ್ಲಿ ಒಂದು ಚಿಕ್ಕ ಬಾಳೆ ಎಲೆಯನ್ನೂ ಹಾಕುತ್ತಾರೆ. ಯಾರಿಗೆಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಆರು ವರ್ಷದಿಂದ ಅದರ ಮೇಲೆ ಚಮಚದಷ್ಟು ಪಾಯಸ ಬೀಳುತ್ತದೆ.

ಶುಕ್ರವಾರ ಬೆಳಿಗ್ಗೆ ಗೋಡೆಯ ಮೇಲೆ ಮೊದಲು ಹುಡುಕಿದ್ದು ನಮ್ಮ ಮನೆಯನ್ನೇ. ಹಸಿರು. ಇದನ್ನು ಮುಚ್ಚಿಡಲಾರೆ, ಅನುಮಾನಕ್ಕೆ ಮುಂಚೆ ಬಂದದ್ದು ನೆಮ್ಮದಿ.

ಕಾರ್ಮಿಕರು ದಿನದ ಪಟ್ಟಿ ಪಡೆಯಲು ಬರುವ ಹೊತ್ತು. ಎಲ್ಲರಿಗಿಂತ ಮುಂಚೆ ಬರುವವನು ಶಿವಮಲ್ಲು. ನಲವತ್ತೈದರ ಆಸುಪಾಸಿನ ಒಣಕಲು ಮನುಷ್ಯ. ಅವನ ಅಣ್ಣ, ಕೋಲುಗಳಿಲ್ಲದ ಕಾಲದಲ್ಲಿ, ಒಂದು ಹೋಟೆಲಿನ ಗುಂಡಿಗೆ ಇಳಿದವನು ಮೇಲೆ ಬಂದಿರಲಿಲ್ಲ. ಕೋಲನ್ನು ಇಡೀ ಊರಿನಲ್ಲಿ ಮೊದಲು ನಂಬಿದವನು ಶಿವಮಲ್ಲು.

"ಮೇಡಮ್ಮೋರೆ, ಊರೋರೆಲ್ಲ ಹಿತ್ತಲಲ್ಲಿ ಭಟ್ಟಿ ಇಟ್ಟವ್ರಾ?" ಎಂದ.

"ಯಾಕೆ?"

"ಮುಚ್ಚಳ ತಗುದ್ರೆ ಸಾರಾಯಿ ವಾಸ್ನೆ. ಸಿಹಿ ಸಿಹಿ. ಮೂಗಿಗೆ ಏನೋ ಮಜ್ವಾಗೇ ಅದೆ, ಆದ್ರೆ ಮಧ್ಯಾನದ ಹೊತ್ಗೆ ತಲೆ ಸಿಡೀತದೆ. ಕುಡೀದೆ ಹ್ಯಾಂಗೋವರ್ ಕನ್ರೀ!" ತಾನೇ ನಕ್ಕ. ಆಮೇಲೆ ದನಿ ಇಳಿಸಿ, "ಬೀರೂಲಿರೋ ಆ ಪೀಪಿ ಒಂದ್ ಕೊಡ್ಸಿ. ಸೊಂಟಕ್ಕಿರ್ಲಿ," ಎಂದ. ಪೀಪಿ ಎಂದರೆ ಗಾಳಿಮಾಪಕ.

ಚೆಲುವರಾಜು ತಲೆ ಎತ್ತದೆ ಹೇಳಿದರು: "ಬ್ಯಾಟರಿ ಸತ್ತು ವರ್ಷ ಆಯ್ತು. ಹಸಿರು ತೋರಿಸ್ತಿದೆಯಲ್ಲೋ, ಇನ್ನೇನು ಬೇಕು? ಒಂದು ಕೆಲಸಕ್ಕೆ ಎರಡೆರಡು ಯಂತ್ರ ಯಾಕೆ?"

ಅವನು ಹೋದ ಮೇಲೆ ನಾನು ಹಿಂದಿನ ಎರಡು ವಾರದ ರೇಖೆಗಳನ್ನು ತೆಗೆದೆ. ಫಿನಾಯಿಲ್ ಬಿದ್ದು ವಿದ್ಯುತ್ತು ಇಳಿಯುತ್ತದೆ. ಆಮೇಲೆ ಒಂದೇ ಗಂಟೆಯಲ್ಲಿ ಗುಡ್ಡದ ಹಾಗೆ ಮೇಲೇಳುತ್ತದೆ. ಹತ್ತು ಮನೆ ನೋಡಿದೆ, ಮೂವತ್ತು ನೋಡಿದೆ. ಒಂದೇ ಆಕಾರದ ಗುಡ್ಡ ಎಷ್ಟೋ ಕಡೆ. ಮದುವೆ, ತಿಥಿ, ನಾಮಕರಣಗಳ ಊಟದ ಮಾರನೆಯ ದಿನವೂ ಇಂಥದೇ ಗುಡ್ಡ ಏಳುವುದುಂಟು. ಹಾಗಾಗಿ ರೇಖೆಯೊಂದರಿಂದಲೇ ಏನನ್ನೂ ಹೇಳುವಂತಿರಲಿಲ್ಲ. ಆದರೆ ನನ್ನ ಕಣ್ಣೆದುರು ಎಂಟು ಅಚ್ಚು ಬೆಲ್ಲವಿತ್ತು.

ನಮ್ಮ ಕಚೇರಿಯ ಹಿಂದೆ ಕೈತೊಳೆಯುವ ಜಾಗದಷ್ಟು ದೊಡ್ಡ ಪ್ರಯೋಗಶಾಲೆಯಿದೆ. ಮಧ್ಯಾಹ್ನ ಎರಡು ಗಾಜಿನ ಜಾಡಿಗಳಲ್ಲಿ ಗುಂಡಿಯ ರೊಚ್ಚಿನ ಮಾದರಿ ತುಂಬಿ, ಎರಡಕ್ಕೂ ಕೋಲಿನ ಪೊರೆಯ ತುಂಡು ಇಳಿಬಿಟ್ಟೆ. ಒಂದಕ್ಕೆ ಬೆಲ್ಲದ ನೀರು ಹಾಕಿದೆ. ಜಾಡಿಗಳ ಬಾಯಿಗೆ ಸೀಸದ ಲವಣದಲ್ಲಿ ಅದ್ದಿದ ಬಿಳಿ ಕಾಗದ ತೂಗಿಬಿಟ್ಟು ಮುಚ್ಚಿದೆ. ಗಂಧಕದ ವಿಷಗಾಳಿ ತಗುಲಿದರೆ ಆ ಕಾಗದ ಕಪ್ಪಾಗುತ್ತದೆ.

ಶನಿವಾರ ಬೆಲ್ಲದ ಜಾಡಿಯ ಜೀವಾಂಕ ತೊಂಬತ್ತು ಮುಟ್ಟಿತ್ತು. ಕಾಗದ ಬೆಳ್ಳಗಿತ್ತು. ನನ್ನ ಹೆದರಿಕೆ ನನಗೇ ನಾಚಿಕೆ ತರಿಸಿತು. ಭಾನುವಾರ ರಜೆ, ಬೀಗದ ಕೈ ಚೆಲುವರಾಜು ಬಳಿ. ಅವರನ್ನು ಕೇಳಬಹುದಿತ್ತು. ಮತ್ತೆ ಅದೇ ಮಾತು ಕೇಳಬೇಕಲ್ಲ ಎಂದು ಸುಮ್ಮನಿದ್ದೆ.

ಸೋಮವಾರ ಹತ್ತೂವರೆಗೆ ಪ್ರಯೋಗಶಾಲೆಯ ಬಾಗಿಲು ತೆರೆದೆ. ಒಂದು ಜಾಡಿಯ ಕಾಗದ ಬೆಳ್ಳಗೆ. ಬೆಲ್ಲದ ಜಾಡಿಯದು ಕಾಡಿಗೆ ಬಳಿದ ಹಾಗೆ. ಬೆಲ್ಲ ಹುಳಿತು ಆಮ್ಲವಾಗಿತ್ತು. ರೊಚ್ಚಿನಲ್ಲಿ ಕರಗಿ ಕುಳಿತಿದ್ದ ಗಂಧಕವನ್ನು ಆ ಆಮ್ಲ ಗಾಳಿಯಾಗಿ ಎಬ್ಬಿಸಿತ್ತು. ಅದನ್ನು ತಿನ್ನಬೇಕಾದ ಜೀವಿಗಳು ಬೆಲ್ಲದ ಅಮಲಿನಲ್ಲಿ ಒಂದೇ ದಿನ ಕುಣಿದು, ಆಮ್ಲಕ್ಕೆ ಸತ್ತಿದ್ದವು. ಸರಾಸರಿ ಮಾತ್ರ ಆ ಒಂದು ದಿನದ ಕುಣಿತವನ್ನೇ ನೆನೆಯುತ್ತ ಅರವತ್ತರ ಮೇಲೇ ನಿಂತಿತ್ತು. ಹಸಿರು.

ಕೊಠಡಿಗೆ ಓಡಿ ದಿನದ ಪಟ್ಟಿ ನೋಡಿದೆ. ಶಿವಮಲ್ಲು: ನಾಲ್ಕನೆಯ ಅಡ್ಡರಸ್ತೆ. ಮೂರನೆಯ ಮನೆ ನಮ್ಮದು. ಬೀಗ ಆಗಲೇ ಬಿಟ್ಟಿತ್ತು.

ಅವನ ಫೋನು ರಿಂಗಾಗುತ್ತಲೇ ಇತ್ತು. ಗುಂಡಿಗೆ ಬೀಳುತ್ತವೆಂದು ಕೆಲಸದ ವೇಳೆ ಫೋನುಗಳನ್ನು ಗಾಡಿಯ ಪೆಟ್ಟಿಗೆಯಲ್ಲಿ ಇಡಬೇಕೆಂಬುದು ನಮ್ಮದೇ ನಿಯಮ. ಮನೆಗೆ ಮಾಡಿದೆ.

"ಅತ್ತೆ, ಶಿವಮಲ್ಲು ಬಂದಿದ್ದಾನಾ?"

"ಹಿತ್ತಲಲ್ಲವ್ನೆ. ಯಾಕಮ್ಮಿ?"

"ಮುಚ್ಚಳ ತೆಗೆಯಬಾರದು ಅಂತ ಹೇಳಿ. ಈಗಲೇ."

"ನಾನು ಮಡೀಲಿವ್ನಿ. ಕಜ್ಜಾಯದ ಪಾಕ ಒಲೆ ಮೇಲದೆ. ಎಳೆ ಬರೋ ಹೊತ್ತು—"

"ಗುಂಡಿಗೆ ಬೆಲ್ಲ ಹಾಕಿದಿರಾ ಅತ್ತೆ?"

ಫೋನಿನಲ್ಲಿ ಪಾಕ ಕುದಿಯುವ ಸದ್ದು ಕೇಳಿಸಿತು.

"ಆ ಬೆಲ್ಲ ವಿಷ ಆಗಿದೆ. ಅವನು ಸಾಯ್ತಾನೆ. ಮೂಗು ಮುಚ್ಚಿಕೊಂಡು ಓಡಿ."

ಫೋನು ನೆಲಕ್ಕೆ ಬಿದ್ದ ಶಬ್ದವಾಯಿತು. ಆಮೇಲೆ ಹಿತ್ತಿಲ ಬಾಗಿಲು, ಮತ್ತೆ ದೂರದಲ್ಲಿ ಅತ್ತೆಯ ಕೂಗು: "ಲೇ ಶಿವಮಲ್ಲೂ! ಏಳ್ಲಾ! ಏಳ್ಲಾ!" ಎರಡನೆಯ ಸಲ ಆ ಕೂಗು ಅರ್ಧಕ್ಕೇ ನಿಂತಿತು.

ನಾನು ತಲುಪುವ ಹೊತ್ತಿಗೆ, ಹೊರಡುವಾಗ ಕರೆದಿದ್ದ ಆಂಬ್ಯುಲೆನ್ಸ್ ಬಂದಿತ್ತು. ಮುಚ್ಚಳ ತೆರೆದು ಕೋಲಿಗೆ ಕೈ ಹಾಕಿದವನು ಹಾಗೇ ಮುಂದಕ್ಕೆ ವಾಲಿ, ಎದೆಯವರೆಗೂ ಗುಂಡಿಯ ಬಾಯಿಗೆ ಜೋತುಬಿದ್ದಿದ್ದನಂತೆ. ಅರವತ್ತೆಂಟರ ಅತ್ತೆ ಸೆರಗಿನಿಂದ ಮೂಗು ಕಟ್ಟಿ, ಅವನ ಅಂಗಿಯನ್ನೂ ಬೆಲ್ಟನ್ನೂ ಹಿಡಿದು ಜಗ್ಗಿ, ಅವನ ಜೊತೆಗೆ ತಾವೂ ಮಲ್ಲಿಗೆಯ ಪಾತಿಗೆ ಉರುಳಿದ್ದರು. ಹೊರಗಿನ ಗಾಳಿಗೆ ಅವರಿಗೆ ಬೇಗ ಎಚ್ಚರವಾಗಿತ್ತು. ಕಾಫಿ ಕೊಡುವಾಗಲೂ ಕಾಗದದ ಲೋಟವನ್ನು ಕಟ್ಟೆಯ ಮೇಲಿಟ್ಟು ದೂರ ಸರಿಯುತ್ತಿದ್ದವರು, ಈಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮನೆಯ ತುಂಬ ಸೀದ ಬೆಲ್ಲದ ಹೊಗೆ.

ಆಸ್ಪತ್ರೆಯಲ್ಲಿ ಮೂರು ಗಂಟೆಗೆ ಶಿವಮಲ್ಲು ಮಾತಾಡಿದ. ಕಣ್ಣು ಕೆಂಡದ ಹಾಗಿದ್ದವು.

"ಹಸ್ರು ಇತ್ತಲ್ವಾ ಮೇಡಮ್ಮೋರೆ?"

"ಇತ್ತು."

ಬೆಲ್ಲದ ಸಂಗತಿ ಹೇಳಿದೆ. ಅವನು ಸೂರು ನೋಡುತ್ತ ಹೇಳಿದ.

"ಕೋಲು ಬಂದ್ಮೇಲೆ ನಾವು ಉಸುರು ಎಣ್ಸೋದ ಬುಟ್ವಿ. ಮೊದ್ಲೆಲ್ಲ ಮುಚ್ಚಳ ತಗುದು, ದೀಪ ಇಳ್ಸಿ, ಒಂದ್ ಬೀಡಿ ಸೇದೋವಷ್ಟು ಹೊತ್ತು ದೂರ ನಿಲ್ತಿದ್ವಿ." ಆಮೇಲೆ ನನ್ನ ಕಡೆ ತಿರುಗಿದ. "ಒಂದ್ ಕೇಳ್ಲಾ? ನಿಮ್ಮನೇಲಿ ಬೆಲ್ಲ ಕಮ್ಮಿಯಾದದ್ದು ನಿಮ್ ಕಣ್ಣಿಗೆ ಬಿತ್ತು, ಅದ್ಕೆ ಬದುಕಂಡೆ. ಬ್ಯಾರೆ ಮನೆ ಆಗಿದ್ರೆ?"

ಬೆಲ್ಲ ಕಡಿಮೆಯಾದದ್ದನ್ನು ನಾನು ನೋಡಿದ್ದು ಗುರುವಾರವೇ ಎಂದು ಅವನಿಗೆ ಹೇಳಲಿಲ್ಲ.

ಕೊಠಡಿಗೆ ಮರಳಿದಾಗ ಗೋಡೆ ಎಂದಿನಂತೆ ಹಸಿರು. ಚೆಲುವರಾಜು ಬೆವರುತ್ತಿದ್ದರು.

"ನಾಳೆ ಬೆಳಿಗ್ಗೆಯ ಪಟ್ಟಿ ನಿಲ್ಲಿಸಿ ಸರ್. ನಲವತ್ತಾರು ಮುಚ್ಚಳ ಇದೆ. ನಾಡಿದ್ದು ಇನ್ನಷ್ಟು."

"ಪಟ್ಟಿ ಮಾಡೋದು ಯಂತ್ರ, ನಾನಲ್ಲ. ಈ ಮನೆಗಳನ್ನ ತೆಗೆದ್ರೆ ಬೇರೆ ಹಸಿರು ಮನೆಗಳನ್ನ ಹಾಕ್ಕೊಳ್ಳುತ್ತೆ. ನಿಲ್ಲಿಸೋಕೆ ಮೇಲಿನ ಆದೇಶ ಬೇಕು, ಅದು ಬರೋದು ಹಬ್ಬ ಮುಗಿದ ಮೇಲೆ."

"ಹಾಗಾದ್ರೆ ಎಲ್ಲವನ್ನೂ ಕೆಂಪು ಮಾಡ್ತೀನಿ. ಬೀಗ ಬೀಳುತ್ತೆ."

"ಮಾಡಿ! ಬೀಗದ ಜೊತೆ ಇಡೀ ಊರಿನ ಕಕ್ಕಸು ಮುಚ್ಚಿ! ಎಡೆಗೆ ಬಂದ ನೆಂಟರೆಲ್ಲ ನಾಲೆ ದಂಡೇಲಿ ಕೂರಲಿ. ಆ ನೀರು ಯಾರು ಕುಡೀತಾರೆ, ನಿಮಗೆ ಹೇಳಬೇಕಾ?" ಅಂದದ್ದಕ್ಕೆ ಅವರೇ ನಾಚಿ ದನಿ ತಗ್ಗಿಸಿದರು. "ಯಾವ ಮನೇಲಿ ಹಾಕಿದ್ದಾರೆ ಅಂತ ಹೇಳಿ ವಾರಿಜಾ. ಅಷ್ಟನ್ನು ಮಾತ್ರ ಕೆಂಪು ಮಾಡಿ, ಕಾರಣ ಬರೆಯಿರಿ. ನಾನು ಅಡ್ಡ ಬರಲ್ಲ."

ಯಾವ ಮನೆ ಎಂದು ರೇಖೆಗಳು ಹೇಳುತ್ತಿರಲಿಲ್ಲ. ಬೆಲ್ಲದ ಗುಡ್ಡವೂ ಬೀಗರೂಟದ ಗುಡ್ಡವೂ ಅವಕ್ಕೆ ಒಂದೇ. ನಮ್ಮ ಮನೆಯೊಂದನ್ನು ಕೆಂಪು ಮಾಡಿ, ಅವೇ ಚುಕ್ಕೆಗಳಿರುವ ಕಚೇರಿಯ ಸಣ್ಣ ಟ್ಯಾಬ್ ಫಲಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಅತ್ತೆ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಸೀದ ಪಾಕದ ಬಾಣಲೆ ಅಂಗಳದಲ್ಲಿ ನೆನೆಯುತ್ತಿತ್ತು.

"ಉಳ್ಕಂಡ್ನಾ?"

"ಉಳಿದುಕೊಂಡ."

"ಕಕ್ಕಸ್ಸಿಗೆ ಹೋದೆ. ಮುಚ್ಕಂಡದೆ."

"ನಾನೇ ಮುಚ್ಚಿದ್ದು ಅತ್ತೆ."

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅವರ ಪಕ್ಕ ಕೂತು ಕೇಳಿದೆ, "ಬೆಲ್ಲ ಹಾಕೋದು ಯಾರು ಹೇಳಿಕೊಟ್ಟಿದ್ದು?"

"ನೀನು."

ನಾನು ಮುಖ ನೋಡಿದೆ.

"ಕೋಲು ಹಾಕ್ದಾಗ ನಾ ಕೇಳ್ನಿಲ್ವಾ, ಅದ್ರಲ್ಲಿ ಏನದೆ ಅಂತ? ಜೀವ ಅವೆ ಅತ್ತೆ, ಅವಕ್ಕೂ ಹಸಿವಾಯ್ತದೆ, ಹೊಟ್ಟೆ ತುಂಬಿದ್ರೆ ಹಸ್ರು ತೋರುಸ್ತವೆ ಅಂದೆ. ಹೋದ್ ತಿಂಗ್ಳು ಹಳದಿ ಬಂತಲ್ಲ, ಪಾಪ ಹಸ್ಕಂಡವೆ ಅಂತ ಎರಡಚ್ಚು ಬೆಲ್ಲ, ಒಂದ್ ಚೊಂಬು ಹುಳಿಮಜ್ಗೆ ಹುಯ್ದೆ. ಮಾರ್ನೇ ದಿನ್ಕೇ ಹಸ್ರು! ಹೆಂಗುಸ್ರ ಸಂಘದಲ್ಲಿ ಹೇಳ್ದೆ. ಎಲ್ರೂ ನಕ್ರು, ಪುಟ್ಚೆನ್ನಿ ಗುಂಡಿಗೂ ಎಡೆ ಇಕ್ತಾಳೆ ಕನ್ರವ್ವ ಅಂತ. ನಕ್ಕಂಡೇ ಹೋಗಿ ಎಲ್ರೂ ಇಕ್ಕುದ್ರು."

ಮಾತನ್ನು ಅಳೆದು ಆಡುವವಳೆಂದು ನನಗೆ ನನ್ನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಆ ಒಂದು ಸಂಜೆ, ಅತ್ತೆಗೆ ಸುಲಭವಾಗಲಿ ಎಂದು, ಅಳೆಯದೆ ಆಡಿದ್ದೆ.

"ಎಲ್ಲರೂ ಅಂದರೆ ಯಾರು ಯಾರು ಅತ್ತೆ? ನಾಳೆ ಬೆಳಿಗ್ಗೆ ಅವರ ಹಿತ್ತಿಲಲ್ಲೂ ಒಬ್ಬ ಮಂಡಿಯೂರುತ್ತಾನೆ. ನಿಮ್ಮ ಸಂಘದವರ ಹೆಸರು ಹೇಳಿದರೆ ಜನ ನಿಮ್ಮನ್ನು ಏನಂತಾರೋ ನನಗೆ ಗೊತ್ತಿಲ್ಲ."

"ಏನಂತಾರೆ? ಮುಖಕ್ಕೆ ಉಗೀತಾರೆ. ಹಬ್ಬದ ಹೊತ್ನಲ್ಲಿ ಕಕ್ಕಸ್ ಮುಚ್ಸುದ್ಲು, ಮನೆಹಾಳಿ ಅಂತಾರೆ." ಅತ್ತೆ ತಮ್ಮ ಅಂಗೈ ನೋಡಿಕೊಂಡರು. ಬೆಲ್ಟಿನ ಕೊಕ್ಕೆ ಕೊಯ್ದ ಗಾಯಕ್ಕೆ ಅರಿಸಿನ ಮೆತ್ತಿತ್ತು. "ಏನು ತೂಕ ಅಂತೀಯ, ವಾರಿ. ಕಡ್ಡಿ ಹಂಗವ್ನೆ. ಉಸುರು ನಿಂತ್ರೆ ಆಳು ಹಂಗೆ ತೂಕ ಆಯ್ತಾನೇನೋ. ನಿನ್ ಮಗೀನೂ ಹಂಗೇ ಇತ್ತು, ಬಟ್ಟೇಲಿ ಸುತ್ತಿ ಕೈಗೆ ಕೊಟ್ಟಾಗ. ಅಂಗೈಯಷ್ಟು ಮಗ. ತೂಕ."

ಏಳು ವರ್ಷದಲ್ಲಿ ಮೊದಲ ಸಲ ಅವರು ಆ ಮಾತೆತ್ತಿದ್ದರು. ನನ್ನ ಮಗುವನ್ನು ನಾನು ಎತ್ತಿಕೊಂಡಿರಲಿಲ್ಲ; ಎಚ್ಚರವಿರಲಿಲ್ಲ ನನಗೆ.

"ಬರ್ಕೋ," ಎಂದರು.

ಫಲಕ ತೆಗೆದೆ.

"ಪಕ್ಕದ್ಮನೆ ಜವರಮ್ಮ. ಎದುರುಮನೆ. ಮೂಲೆಮನೆ ಸಾಕಮ್ಮ, ಅವ್ಳು ಎರಡು ದಪ ಹಾಕವ್ಳೆ. ಫ್ಲೋರ್ ಮಿಲ್ ನಿಂಗಾಜಿ..."

ನಾನು ಒಂದೊಂದೇ ಮನೆಯನ್ನು ಕೆಂಪು ಮಾಡುತ್ತ ಹೋದೆ. ಕಾರಣದ ಜಾಗದಲ್ಲಿ 'ಬೆಲ್ಲ' ಎಂದು ಬರೆದೆ. ನಮ್ಮ ಬೀದಿಯಲ್ಲಿ ಒಂದಾದ ಮೇಲೊಂದು ಕೊಳವೆ ಮುಚ್ಚಿಕೊಂಡ ಟಕ್ ಎಂಬ ಸದ್ದು, ಆಮೇಲೆ ಬಾಗಿಲುಗಳು, ಆಮೇಲೆ ದನಿಗಳು. ಮೂವತ್ತೊಂದನೆಯ ಮನೆಗೆ ಅತ್ತೆ ನಿಂತರು.

"ನಂಗೊತ್ತಿರೋದು ಇಷ್ಟೆ. ಆದ್ರೆ ಕೆರೆಬೀದಿ ದ್ಯಾವೀರಮ್ಮ ನನ್ನಿಂದ ಕೇಳ್ಕಂಡೋದ್ಲು. ಅವ್ಳು ಅವಳ ಸಂಘದೋರ್ಗೆ ಹೇಳಿರ್ತಾಳೆ. ಪೇಟೆಬೀದೀಲಿ ಅವಳ ತಂಗಿ ಅವ್ಳೆ."

ಅಷ್ಟರಲ್ಲಿ ಜವರಮ್ಮ ಚೊಂಬು ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದಳು. "ಏನ್ರವ್ವ ಪುಟ್ಚೆನ್ನಮ್ಮ, ನಿಮ್ ಸೊಸೆ ಕಚೇರೀಲಿದ್ದೂ ನಮ್ಗೀ ಗತಿ ತಂದ್ಲಾ? ಬುಧವಾರ ನಮ್ಮತ್ತೆ ಮಾವಂಗೆ ಎಡೆ ಎಲ್ಲಿ ಇಕ್ಲಿ, ಸಂಡಾಸಿನ ಸಾಲಲ್ಲಾ?"

ಅತ್ತೆ ಒಡೆದ ಗಾಜಿನ ಫೋನನ್ನು ಮಡಿಲಿನಿಂದ ತೆಗೆದು, ನನ್ನ ಕೈಗೆ ಕೊಟ್ಟು, ದ್ಯಾವೀರಮ್ಮನ ನಂಬರು ಒತ್ತಿಸಿದರು. ಜವರಮ್ಮನಿಗೂ ಕೇಳುವ ಹಾಗೆ ಗಟ್ಟಿಯಾಗಿ ಮಾತಾಡಿದರು.

"ದ್ಯಾವೀ, ನಾನು ಕನೆ. ನಮ್ಮನೆ ಗುಂಡೀಲಿ ಇವತ್ತು ಶಿವಮಲ್ಲು ಸಾಯೋನು. ಬೆಲ್ಲ ಹಾಕಿದ್ದು ನಾನು, ನಿಂಗೆ ಹೇಳ್ಕೊಟ್ಟೋಳೂ ನಾನೇ. ಬಯ್ಯೋದು ಆಮೇಲೆ ಬಯ್ಯಿವಂತೆ. ನೀನು ಯಾರ್ಯಾರ್ಗೆ ಹೇಳ್ದೆ? ಒಬ್ರನ್ನೂ ಬುಡ್ಬ್ಯಾಡ. ಮೆಲ್ಲುಗ್ ಹೇಳು, ವಾರಿ ಬರ್ಕತಾಳೆ."

ಜವರಮ್ಮ ಚೊಂಬನ್ನು ಗೇಟಿನ ಕಂಬದ ಮೇಲಿಟ್ಟು, ಒಳಗೆ ಬಂದು, ಜಗಲಿಯ ತುದಿಯಲ್ಲಿ ಕೂತಳು.

ಆಮೇಲೆ ಫೋನಿನಲ್ಲಿ ಮೊದಲ ಹೆಸರು ಬಂತು.